ಮೂಗುತಿ ಕೆಡವಿದ ಲೆಕ್ಕ: ಜಿಪುಣ ದಾಸನಾದ ಕಥೆಯ ಹಿನ್ನೆಲೆ

ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಆರಾಧನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಆ ದಿನ ಹರಿಕಥೆ ಇಟ್ಟರೆ ಮೂಗುತಿ ಪ್ರಸಂಗ ಬಿಡುವ ಹಾಗಿಲ್ಲ. ಎಂಜಲ ಕೈಯಲ್ಲಿ ಕಾಗೆ ಓಡಿಸದ ವ್ಯಾಪಾರಿ ಶ್ರೀನಿವಾಸ ನಾಯಕ ಪುರಂದರದಾಸನಾದ ಕಥೆ ಅದು. ಚರಿತ್ರೆಯಲ್ಲ, ಐತಿಹ್ಯ. ಅವರ ಹುಟ್ಟೂರು ಪುಣೆ ಬಳಿಯ ಪುರಂದರಗಡವೋ ತೀರ್ಥಹಳ್ಳಿ ಸೀಮೆಯೋ ಎಂಬ ವಾದವೇ ಇನ್ನೂ ಮುಗಿದಿಲ್ಲ. ಕಥೆಯ ಕಟ್ಟು ಮಾತ್ರ ಬಲು ಬಿಗಿ.

ಮಗನ ಮುಂಜಿಗೆಂದು ಬಂದ ಬಡ ಬ್ರಾಹ್ಮಣನನ್ನು ನಾಯಕ ಇಂದು ನಾಳೆ ಎಂದು ತಿಂಗಳುಗಟ್ಟಲೆ ಅಲೆಸಿ, ಕೊನೆಗೆ ಸವಕಲು ನಾಣ್ಯ ತೋರಿಸುತ್ತಾನೆ. ಬ್ರಾಹ್ಮಣ ನಾಯಕನ ಹೆಂಡತಿ ಸರಸ್ವತಿಯ ಬಳಿ ಹೋಗುತ್ತಾನೆ. ಆಕೆ ಕೊಡುವುದು ತವರಿನ ಮೂಗುತಿ. ಈ 'ತವರು' ಬಲು ಮುಖ್ಯ: ಗಂಡನನ್ನು ಕೇಳದೆ ಕೊಡುವ ಹಕ್ಕು ಆಕೆಗೆ ಬರುವುದೇ ಅಲ್ಲಿಂದ. ಅದೇ ಒಡವೆ ನಾಯಕನ ಅಂಗಡಿಗೇ ಬರುತ್ತದೆ. ಒಡವೆ ನೋಡಿ ಪಳಗಿದ ಕಣ್ಣು, ತಕ್ಷಣ ಗುರುತು ಸಿಗುತ್ತದೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಓಡುತ್ತಾನೆ. ಎಲ್ಲಿ ಮೂಗುತಿ ಎಂದು ಗದರಿಸಿದಾಗ ಆಕೆ ವಿಷದ ಬಟ್ಟಲು ಎತ್ತುತ್ತಾಳೆ, ಬಟ್ಟಲಲ್ಲಿ ಮೂಗುತಿ. ಅಂಗಡಿಗೆ ಮರಳಿದರೆ ಹಾಕಿದ ಬೀಗ ಹಾಕಿದಂತೆಯೇ ಇದೆ, ಪೆಟ್ಟಿಗೆ ಖಾಲಿ.

ಅಂದರೆ ನಾಯಕ ಸೋತದ್ದು ಯಾರ ಉಪದೇಶಕ್ಕೂ ಅಲ್ಲ, ತನ್ನದೇ ಕಣ್ಣಿಗೆ, ತನ್ನದೇ ಬೀಗಕ್ಕೆ. ಹೇಳುವವರು ಎಡವುವುದೂ ಇಲ್ಲೇ. ನಗಿಸುವ ಭರದಲ್ಲಿ ನಾಯಕನನ್ನು ಪೆದ್ದನನ್ನಾಗಿ ಮಾಡಿದರೆ, ಪೆದ್ದನ ಪೆಟ್ಟಿಗೆ ಖಾಲಿಯಾದದ್ದರಲ್ಲಿ ಏನು ಸೋಜಿಗ? ಅವನು ಜಾಣ ವ್ಯಾಪಾರಿಯಾಗಿದ್ದರೇ ಪೆಟ್ಟು.

ಯುರೋಪಿನ ಜಿಪುಣರ ದಾರಿ ಬೇರೆ. ಮೋಲಿಯೇರ್‌ನ 1668ರ ನಾಟಕದ ಹಾರ್ಪಗಾನ್ ಕೊನೆಯಲ್ಲೂ ಬದಲಾಗುವುದಿಲ್ಲ, ಹಣದ ಪೆಟ್ಟಿಗೆ ಸಿಕ್ಕಿದರೆ ಅವನಿಗೆ ಸಾಕು. 1843ರ ಡಿಸೆಂಬರಿನಲ್ಲಿ ಬಂದ ಡಿಕನ್ಸ್‌ನ ಕಿರುಕಾದಂಬರಿಯಲ್ಲಿ ಸ್ಕ್ರೂಜ್ ಬದಲಾಗುತ್ತಾನೆ. ಅಲ್ಲಿಯೂ ಉಪಾಯ ಇದೇ: ಬಡವರಿಗೆ ಸೆರೆಮನೆಗಳಿಲ್ಲವೇ ಎಂದು ಅವನೇ ಆಡಿದ ಮಾತನ್ನು ರಾತ್ರಿ ಬಂದ ಭೂತ ಅವನಿಗೇ ತಿರುಗಿಸುತ್ತದೆ. ಆದರೆ ಅವನ ಹೆಸರೂ ಉಳಿಯುತ್ತದೆ, ವ್ಯವಹಾರವೂ ಉಳಿಯುತ್ತದೆ. ವಾರಕ್ಕೆ 15 ಶಿಲಿಂಗ್ ಪಡೆಯುತ್ತಿದ್ದ ಗುಮಾಸ್ತನಿಗೆ ಸಂಬಳ ಹೆಚ್ಚುತ್ತದೆ, ಒಲೆಗೆ ಕಲ್ಲಿದ್ದಲು ಬೀಳುತ್ತದೆ.

ನಾಯಕನಿಗೆ ಹೆಸರೇ ಉಳಿಯಲಿಲ್ಲ. ಎಲ್ಲ ದಾನ ಮಾಡಿ ವಿಜಯನಗರಕ್ಕೆ ಬಂದವನಿಗೆ ಗುರು ವ್ಯಾಸರಾಯರು 'ಪುರಂದರವಿಠಲ' ಎಂಬ ಅಂಕಿತ, ಅಂದರೆ ಹಾಡಿನ ಕೊನೆಗೆ ಹಾಕುವ ಮುದ್ರೆ, ಕೊಟ್ಟರು. ಹಂಪಿಯಲ್ಲಿ, ಹೊಳೆ ತುಂಬಿದಾಗಲೆಲ್ಲ ಮುಳುಗೇಳುವ ಮಂಟಪಕ್ಕೆ ಇಂದಿಗೂ ಪುರಂದರ ಮಂಟಪ ಎಂದೇ ಹೆಸರು. ನಾಯಕನ ಹೆಸರಿನದು ಒಂದೂ ಇಲ್ಲ. 'ಆದದ್ದೆಲ್ಲ ಒಳಿತೇ ಆಯಿತು' ಕೀರ್ತನೆಯನ್ನು ನಿಧಾನವಾಗಿ ಕೇಳಿ. 'ದಂಡಿಗೆ ಬೆತ್ತ' (ದಾಸರ ತಂತಿವಾದ್ಯ, ಕೋಲು) ಹಿಡಿಯಲು ನಾಚುತ್ತಿದ್ದೆ, 'ಗೋಪಾಳ ಬುಟ್ಟಿ' (ಭಿಕ್ಷೆಯ ಬುಟ್ಟಿ) ಹಿಡಿಯಲು ಗರ್ವವಿತ್ತು ಎನ್ನುತ್ತದೆ. ಹಣದ ಆಸೆಯ ಮಾತೇ ಇಲ್ಲ! ಬಿಡಲು ಕಷ್ಟವಾದದ್ದು ಸಾಹುಕಾರನೆಂಬ ಮರ್ಯಾದೆ. ಅದನ್ನು ಬಿಡಿಸಿದ ಹೆಂಡತಿಗೆ 'ಸಂತತಿ ಸಾವಿರವಾಗಲಿ' ಎಂಬ ಹರಕೆ.

ಎರಡು ಶತಮಾನದ ಮೇಲೆ ರಾಯಚೂರು ಜಿಲ್ಲೆಯ ಬ್ಯಾಗವಾಟದಲ್ಲಿ ಇದೇ ಕಥೆ ಹಣ ಬಿಟ್ಟು ವಿದ್ಯೆಗೆ ಹೊರಳಿತು. ಮುಂದೆ ಜಗನ್ನಾಥದಾಸರಾದವರ ಮೊದಲ ಹೆಸರೂ ಶ್ರೀನಿವಾಸ. ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುವ ವಿಜಯದಾಸರೆಂದರೆ ತಾತ್ಸಾರ. ಹೊಟ್ಟೆನೋವಿನಿಂದ ನರಳಿ, ಅದೇ ವಿಜಯದಾಸರ ಶಿಷ್ಯ ಗೋಪಾಲದಾಸರ ಮೊರೆಹೊಕ್ಕರು ಎನ್ನುತ್ತದೆ ಐತಿಹ್ಯ. 'ಜಗನ್ನಾಥವಿಠಲ' ಅಂಕಿತ ಪಡೆದ ಆ ಪಂಡಿತರೇ ಆಮೇಲೆ ಮಾಧ್ವ ತತ್ತ್ವದ ಕಾವ್ಯ ಹರಿಕಥಾಮೃತಸಾರ ಬರೆದರು, ಭಾಮಿನಿ ಷಟ್ಪದಿಯಲ್ಲಿ, ಕನ್ನಡದಲ್ಲೇ.