ನಾಲ್ಕೇ ಟೆಸ್ಟ್ ಆಡಿದ ಬ್ಯಾರಿ ರಿಚರ್ಡ್ಸ್ ಶ್ರೇಷ್ಠರ ಸಾಲಿಗೆ ಸೇರಿದ್ದು ಹೇಗೆ?

ಪ್ರಶ್ನೆ: ದಕ್ಷಿಣ ಆಫ್ರಿಕಾದ ಬ್ಯಾರಿ ರಿಚರ್ಡ್ಸ್ ಆಡಿದ್ದು 4 ಟೆಸ್ಟ್ ಮಾತ್ರ. ಆದರೂ ಡಾನ್ ಬ್ರಾಡ್ಮನ್ ತಮ್ಮ ಸಾರ್ವಕಾಲಿಕ ತಂಡಕ್ಕೆ ಅವರನ್ನು ಆರಂಭಿಕರಾಗಿ ಆರಿಸಿದ್ದರು. ಇಷ್ಟು ಕಡಿಮೆ ಆಡಿದವರನ್ನು ಅಳೆಯುವುದು ಹೇಗೆ?

ಉತ್ತರ: ಆ ನಾಲ್ಕು ಟೆಸ್ಟ್‌ಗಳ ಲೆಕ್ಕವನ್ನು ಮೊದಲು ಮುಗಿಸೋಣ. 1970ರ ಆರಂಭದಲ್ಲಿ ಆಸ್ಟ್ರೇಲಿಯಾ ವಿರುದ್ಧ ತವರಿನಲ್ಲಿ ನಡೆದ ಸರಣಿ ಅದು. ಕೇಪ್‌ಟೌನ್‌ನಲ್ಲಿ 29 ಮತ್ತು 32, ಡರ್ಬನ್‌ನಲ್ಲಿ 140, ಜೋಹಾನ್ಸ್‌ಬರ್ಗ್‌ನಲ್ಲಿ 65 ಮತ್ತು 35, ಪೋರ್ಟ್ ಎಲಿಜಬೆತ್‌ನಲ್ಲಿ 81 ಮತ್ತು 126. ಒಟ್ಟು 508 ರನ್, ಸರಾಸರಿ 72.57. ಡರ್ಬನ್‌ನಲ್ಲಿ ಮೊದಲ ದಿನ ಊಟದ ಹೊತ್ತಿಗೇ 94 ಹೊಡೆದಿದ್ದರು. ಸರಣಿಯನ್ನು ದಕ್ಷಿಣ ಆಫ್ರಿಕಾ 4-0ರಿಂದ ಗೆದ್ದಿತು.

ವರ್ಣಭೇದ ನೀತಿಯ ಕಾರಣಕ್ಕೆ ದಕ್ಷಿಣ ಆಫ್ರಿಕಾದ ಮೇಲೆ ಬಿದ್ದ ನಿಷೇಧದಿಂದಾಗಿ ನಾಲ್ಕಕ್ಕೇ ನಿಂತರು ಎನ್ನುವುದು ಅರ್ಧ ಉತ್ತರ. 1945ರಲ್ಲಿ ಡರ್ಬನ್‌ನಲ್ಲಿ ಹುಟ್ಟಿದ ರಿಚರ್ಡ್ಸ್‌ಗೆ ಮೊದಲ ಟೆಸ್ಟ್ ಸಿಕ್ಕಾಗಲೇ 24 ವರ್ಷ. 1966-67ರಲ್ಲಿ ಆಸ್ಟ್ರೇಲಿಯಾ ಬಂದಾಗ ಅವರಿಗೆ ಟೆಸ್ಟ್ ತಂಡದಲ್ಲಿ ಜಾಗ ಸಿಗಲಿಲ್ಲ. 1968-69ರಲ್ಲಿ ಇಂಗ್ಲೆಂಡ್ ತಂಡ ದಕ್ಷಿಣ ಆಫ್ರಿಕಾಕ್ಕೆ ಬರಬೇಕಿದ್ದ ಪ್ರವಾಸ ರದ್ದಾಯಿತು. ಕೇಪ್‌ಟೌನ್‌ನಲ್ಲಿ ಹುಟ್ಟಿದ ಬಿಳಿಯೇತರ ಆಟಗಾರ ಬೆಸಿಲ್ ಡಿ'ಒಲಿವೇರಾ ಇಂಗ್ಲೆಂಡ್ ತಂಡದಲ್ಲಿದ್ದಾರೆಂದು ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಒಪ್ಪಲಿಲ್ಲ. ನಂತರ ದಕ್ಷಿಣ ಆಫ್ರಿಕಾ ತಂಡ 1970ರಲ್ಲಿ ಇಂಗ್ಲೆಂಡಿಗೆ, 1971-72ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಬೇಕಿದ್ದ ಪ್ರವಾಸಗಳು ಎರಡೂ ಬಿದ್ದುಹೋದವು. ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್ ಜೊತೆ ಬಿಳಿಯರ ತಂಡವಾದ ದಕ್ಷಿಣ ಆಫ್ರಿಕಾ ಅಲ್ಲಿಯವರೆಗೆ ಒಂದೇ ಒಂದು ಟೆಸ್ಟ್ ಆಡಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1971ರ ಏಪ್ರಿಲ್‌ನಲ್ಲಿ ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್‌ನಲ್ಲಿ ನಡೆದ ದೇಶೀಯ ಪಂದ್ಯದಲ್ಲಿ ಮೈಕ್ ಪ್ರಾಕ್ಟರ್ ಹಾಕಿದ ಮೊದಲ ಎಸೆತಕ್ಕೆ ರಿಚರ್ಡ್ಸ್ ಒಂದು ರನ್ ಓಡಿದರು. ಆಮೇಲೆ ಆಟಗಾರರು ತಂಡದ ಆಯ್ಕೆಯಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ ಮೈದಾನದಿಂದ ಹೊರನಡೆದರು. ಸರ್ಕಾರ ಮಣಿಯಲಿಲ್ಲ.

ಹಾಗಾಗಿ ಅಳೆಯಬೇಕಾದದ್ದು ಪ್ರಥಮ ದರ್ಜೆಯ ದಾಖಲೆಯನ್ನೇ. 339 ಪಂದ್ಯ, 28,358 ರನ್, ಸರಾಸರಿ 54.74, 80 ಶತಕ. ಆದರೆ ಈ ಮೊತ್ತವನ್ನು ಇಡಿಯಾಗಿ ನುಂಗಬೇಡಿ, ಎಲ್ಲಿ ಗಳಿಸಿದ್ದು ಎಂದು ಬಿಡಿಸಿ ನೋಡಿ.

ದಕ್ಷಿಣ ಆಫ್ರಿಕಾದ ದೇಶೀಯ ಟೂರ್ನಿಯಾದ ಕರಿ ಕಪ್‌ನಲ್ಲಿ ನಟಾಲ್ ಪ್ರಾಂತ್ಯದ ಪರ ಬಂದ ರನ್‌ಗಳಲ್ಲಿ ಹೆಚ್ಚಿನವು ಬಿಳಿಯರಷ್ಟೇ ಆಡುತ್ತಿದ್ದ ಕಾಲದವು. ಇಂಗ್ಲೆಂಡಿನ ಕೌಂಟಿ ತಂಡ ಹ್ಯಾಂಪ್‌ಶೈರ್ ಪರ ಗಳಿಸಿದ ರನ್‌ಗಳಿಗೆ ತೂಕ ಹೆಚ್ಚು. ಆಗಿನ ಕೌಂಟಿ ಪಂದ್ಯಗಳಲ್ಲಿ ಪಿಚ್‌ಗೆ ಪೂರ್ತಿ ಹೊದಿಕೆ ಇರುತ್ತಿರಲಿಲ್ಲ. ಮಳೆ ನಿಂತ ಮೇಲೆ ಅದೇ ಪಿಚ್‌ನಲ್ಲಿ ಒಂದು ಚೆಂಡು ಎಗರಿ, ಮುಂದಿನದು ತಗ್ಗಿ ಬರುವುದು ಮಾಮೂಲು. ಅಂಥಲ್ಲಿ ಮೊದಲ ವರ್ಷ, 1968ರಲ್ಲಿ, ಅವರು ಪ್ರಥಮ ದರ್ಜೆಯಲ್ಲಿ 2,395 ರನ್ ಗಳಿಸಿದರು. ಗಾರ್ಡನ್ ಗ್ರೀನಿಜ್ ಜೊತೆ ಇನಿಂಗ್ಸ್ ತೆರೆದು 1973ರಲ್ಲಿ ಕೌಂಟಿ ಚಾಂಪಿಯನ್‌ಷಿಪ್ ಗೆಲ್ಲಿಸಿದರು. ಕೊನೆಕೊನೆಗೆ ಉತ್ಸಾಹ ಬತ್ತಿ, 1978ರ ಋತುವಿನ ನಡುವೆಯೇ ಬಿಟ್ಟು ಹೋದರು.

ಇನ್ನು ಆಸ್ಟ್ರೇಲಿಯಾ. 1970-71ರಲ್ಲಿ ಸೌತ್ ಆಸ್ಟ್ರೇಲಿಯಾ ಪರ 1,538 ರನ್, ಸರಾಸರಿ 109.86. ಪರ್ತ್‌ನಲ್ಲಿ ಹೊಡೆದ 356ರಲ್ಲಿ 325 ಬಂದಿದ್ದು ಒಂದೇ ದಿನದಲ್ಲಿ. ಎದುರಿಗಿದ್ದವರು ಗ್ರಹಾಂ ಮೆಕೆಂಜಿ, ಟೋನಿ ಲಾಕ್, ಆಗಷ್ಟೇ ಬೆಳೆಯುತ್ತಿದ್ದ ಡೆನಿಸ್ ಲಿಲ್ಲಿ. ಪುರಾವೆಯಾಗಿ ಒಂದೇ ಇನಿಂಗ್ಸ್ ಕೊಡಿ ಎಂದರೆ ನಾವು ಇದನ್ನೇ ಕೊಡುತ್ತೇವೆ.

ಬಹಳ ಜನ ಬಿಟ್ಟುಬಿಡುವುದು ಆಸ್ಟ್ರೇಲಿಯಾದ ಮಾಧ್ಯಮ ದೊರೆ ಕೆರಿ ಪ್ಯಾಕರ್ 1977-79ರಲ್ಲಿ ಅಧಿಕೃತ ಮಂಡಳಿಗಳ ಹೊರಗೆ ನಡೆಸಿದ ವಿಶ್ವ ಸರಣಿಯನ್ನು. ಅದರಲ್ಲಿ ಟೆಸ್ಟ್ ಮಾದರಿಯಲ್ಲಿ ನಡೆದ ಸೂಪರ್‌ಟೆಸ್ಟ್‌ಗಳಿಗೆ ಪ್ರಥಮ ದರ್ಜೆಯ ಮಾನ್ಯತೆಯೂ ಇಲ್ಲ, ಆದ್ದರಿಂದ ಮೇಲಿನ 28,358ರಲ್ಲಿ ಅವು ಸೇರಿಲ್ಲ. ಆದರೆ ಬೌಲಿಂಗ್ ಆ ಕಾಲದಲ್ಲೇ ಅತಿ ಕಠಿಣವಾದದ್ದು. ಅಲ್ಲಿ ರಿಚರ್ಡ್ಸ್ ಐದು ಪಂದ್ಯಗಳಲ್ಲಿ 554 ರನ್ ಮಾಡಿದರು, ಸರಾಸರಿ 79.14. ಪರ್ತ್‌ನ ಗ್ಲಾಸ್ಟರ್ ಪಾರ್ಕ್‌ನಲ್ಲಿ ಅವರು 207 ಹೊಡೆದ ಇನಿಂಗ್ಸ್‌ನಲ್ಲೇ ವಿವಿಯನ್ ರಿಚರ್ಡ್ಸ್ 177 ಹೊಡೆದರು. (ಇಬ್ಬರೂ ನೆಂಟರಲ್ಲ, ಈ ಪ್ರಶ್ನೆಯೂ ಆಗಾಗ ಬರುತ್ತದೆ.) ಟೆಸ್ಟ್‌ನಲ್ಲಿ ಏಳು ಸಲ ಔಟ್, ಸೂಪರ್‌ಟೆಸ್ಟ್‌ನಲ್ಲೂ ಏಳೇ ಸಲ. ಎರಡನ್ನೂ ಕೂಡಿಸಿದರೆ 1,062 ರನ್, ಸರಾಸರಿ 75.86. ಮಾದರಿ ಇನ್ನೂ ಚಿಕ್ಕದೇ, ಆದರೆ ನಡುವೆ ಎಂಟು ವರ್ಷ ಕಳೆದರೂ ಮಟ್ಟ ಇಳಿದಿಲ್ಲ.

ಟೋನಿ ಗ್ರೇಗ್, ಅಲನ್ ಲ್ಯಾಂಬ್ ತಂದೆತಾಯಿಯ ಮೂಲದ ನೆರವಿನಿಂದ ಇಂಗ್ಲೆಂಡ್ ಪರ ಆಡಿದರು. ರಿಚರ್ಡ್ಸ್ ಬೇರೆ ದೇಶದ ಟೋಪಿ ಧರಿಸಲಿಲ್ಲ. ದಕ್ಷಿಣ ಆಫ್ರಿಕಾ 1991ರ ನವೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಕಣಕ್ಕಿಳಿದಾಗ ಅವರಿಗೆ 46 ವರ್ಷ. ಅದೇ ದೇಶದ ಬಿಳಿಯೇತರ ಆಟಗಾರರಿಗೆ ಆ ನಾಲ್ಕು ಟೆಸ್ಟ್‌ಗಳೂ ಸಿಗಲಿಲ್ಲ. 1971-72ರಿಂದ ಅವರು ತಮ್ಮದೇ ಪ್ರತ್ಯೇಕ ಕ್ರಿಕೆಟ್ ಮಂಡಳಿಯಡಿ ಆಡಿದ ಪಂದ್ಯಗಳಿಗೆ ಪ್ರಥಮ ದರ್ಜೆಯ ಮಾನ್ಯತೆ ಬಂದಿದ್ದೇ ವರ್ಣಭೇದದ ಕಾಲ ಮುಗಿದ ಮೇಲೆ.