ಬೆಲ್ಟ್ ಗೆದ್ದೋನೇ ದುಡ್ಡೂ ಕಟ್ಟಬೇಕಾ?

ಬಾಕ್ಸರ್‌ಗಳ ಕಾಂಟ್ರ್ಯಾಕ್ಟು, ಪರ್ಸ್ (ಅಂದ್ರೆ ಒಂದು ಫೈಟಿಗೆ ಸಿಗೋ ದುಡ್ಡು) ಲೆಕ್ಕ ನೋಡೋದು ನನ್ನ ಕೆಲಸ. ಬೆಲ್ಟ್ ಹೆಗಲಿಗೆ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ ಹುಡುಗ ಮಾರನೇ ದಿನ ಸೆಟಲ್‌ಮೆಂಟ್ ಶೀಟ್ ನೋಡಿ ಕೇಳೋದು ಒಂದೇ, "ಸಾರ್, ಗೆದ್ದಿದ್ದು ನಾನು, ಈ ಸ್ಯಾಂಕ್ಷನಿಂಗ್ ಫೀ ಕಟ್ಟೋನೂ ನಾನೇನಾ?"

ಹೌದಪ್ಪ, ನೀನೇ. ಟೈಟಲ್ ಫೈಟ್‌ಗೆ ಮಾನ್ಯತೆ ಕೊಟ್ಟಿದ್ದಕ್ಕೆ ಬೆಲ್ಟಿನ ಸಂಸ್ಥೆ ತಗೊಳ್ಳೋ ದುಡ್ಡು ಅದು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ದೊಡ್ಡ ಸಂಸ್ಥೆಗಳಿವೆ, ಇವು ಟಿಕೆಟ್ ಮಾರಲ್ಲ, ಟೀವಿ ಡೀಲ್ ತರಲ್ಲ, ರ‍್ಯಾಂಕಿಂಗ್ ಹಾಕ್ತವೆ, ಚಾಂಪಿಯನ್ ಯಾರ ಜೊತೆ ಆಡ್ಲೇಬೇಕು ಅಂತ ಹೇಳ್ತವೆ, ರಿಂಗ್ ಪಕ್ಕ ಒಬ್ಬ ಸೂಪರ್‌ವೈಸರ್‌ನ ಕೂರಿಸ್ತವೆ. ಅದಕ್ಕೆ ವರ್ಲ್ಡ್ ಟೈಟಲ್ ಫೈಟಲ್ಲಿ ಸಾಮಾನ್ಯವಾಗಿ ಪರ್ಸಿನ 3 ಪರ್ಸೆಂಟ್.

ಮೂರೇ ತಾನೆ ಅನ್ಸುತ್ತೆ. ಆದ್ರೆ ಅದು ಪೂರ್ತಿ ಪರ್ಸಿನ ಮೇಲೆ. ಪರ್ಸ್ 1 ಲಕ್ಷ ಡಾಲರ್ ಅಂದ್ಕೊಳ್ಳಿ, ಮ್ಯಾನೇಜರ್‌ಗೆ 30, ಟ್ರೇನರ್‌ಗೆ 10 ಪರ್ಸೆಂಟ್ ಹೋದ್ರೆ ಹುಡುಗನಿಗೆ ಉಳಿಯೋದು 60 ಸಾವಿರ, ಅದ್ರಲ್ಲಿ ಫೀ 3 ಸಾವಿರ, ಅಂದ್ರೆ ಅವನ ಜೇಬಿಂದ ಹೋಗಿದ್ದು 5 ಪರ್ಸೆಂಟ್. ಕ್ಯಾಂಪ್ ಖರ್ಚು, ಟ್ಯಾಕ್ಸ್ ಇನ್ನೂ ಬಾಕಿ.

ಹಾಗಂತ ದಂಡ ಅನ್ನೋಕೂ ಆಗಲ್ಲ. 2015ರ ನವೆಂಬರ್‌ನಲ್ಲಿ ಟೈಸನ್ ಫ್ಯೂರಿ ಹೆವಿವೇಟ್ ಚಾಂಪಿಯನ್ ಕ್ಲಿಚ್ಕೋನ ಸೋಲಿಸಿ ರೀಮ್ಯಾಚ್‌ಗೆ ಒಪ್ಕೊಂಡ, ಮ್ಯಾಂಡೇಟರಿ (ಸಂಸ್ಥೆ ಹೇಳಿದ ಎದುರಾಳಿ ಜೊತೆ ಆಡ್ಲೇಬೇಕಾದ ಫೈಟ್) ಬಿಟ್ಟ ಅಂತ ಐಬಿಎಫ್ ಎರಡೇ ವಾರದಲ್ಲಿ ಬೆಲ್ಟ್ ಕಿತ್ಕೊಳ್ತು. ಖಾಲಿ ಬೆಲ್ಟ್ 2016ರ ಜನವರಿಯಲ್ಲಿ ಚಾರ್ಲ್ಸ್ ಮಾರ್ಟಿನ್‌ಗೆ ಸಿಕ್ತು, ಅದೂ ಎದುರಾಳಿ ಮೊಣಕಾಲು ಕೈಕೊಟ್ಟು. ಏಪ್ರಿಲ್‌ನಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಆಂಟನಿ ಜೋಶುವಾ ಮಾರ್ಟಿನ್‌ನ ಎರಡೇ ರೌಂಡಲ್ಲಿ ಮುಗಿಸಿದ. ಆ ಬೆಲ್ಟ್ ಇಲ್ದೇ ಇದ್ದಿದ್ರೆ ಮಾರ್ಟಿನ್‌ನ ಆ ಮೇನ್ ಈವೆಂಟ್‌ಗೆ ಯಾರು ಕರೀತಿದ್ರು?

ಸ್ಟಾರ್‌ಗಳ ಕಥೆ ಉಲ್ಟಾ. ರಿಡಿಕ್ ಬೋ 1992ರಲ್ಲಿ ಡಬ್ಲ್ಯುಬಿಸಿ ಬೆಲ್ಟ್‌ನ ಡಸ್ಟ್‌ಬಿನ್‌ಗೇ ಹಾಕಿದ. ಲೆನಾಕ್ಸ್ ಲೂಯಿಸ್ 2002ರಲ್ಲಿ ಐಬಿಎಫ್ ಟೈಟಲ್ ಬಿಟ್ಟುಕೊಡೋಕೆ ಪ್ರಮೋಟರ್ (ಫೈಟ್ ಆಯೋಜಿಸೋನು) ಡಾನ್ ಕಿಂಗ್ ಕಡೆಯಿಂದ 10 ಲಕ್ಷ ಡಾಲರ್ ಜೊತೆಗೊಂದು ರೇಂಜ್ ರೋವರ್ ತಗೊಂಡ (ಬೆಲ್ಟಿನ ಮಾರ್ಕೆಟ್ ರೇಟ್ ಇಷ್ಟು ಓಪನ್ನಾಗಿ ಗೊತ್ತಾಗಿದ್ದು ಅಪರೂಪ). 2025ರಲ್ಲಿ ಕನೆಲೋನ ಸೋಲಿಸಿದ ಟೆರೆನ್ಸ್ ಕ್ರಾಫರ್ಡ್ ಫೀ ಕಟ್ಟಲಿಲ್ಲ ಅಂತ ಡಬ್ಲ್ಯುಬಿಸಿ ಟೈಟಲ್ ವಾಪಸ್ ತಗೊಳ್ತು, ಅವನು ಇಟ್ಕೊಳ್ಳಿ ಅಂದ, ಅಷ್ಟೇ. ಅಂಥೋರಿಗೆ ಜನ ಬರೋದು ಹೆಸರಿಗೆ, ಬೆಲ್ಟಿಗಲ್ಲ.

ನನ್ನ ತಕರಾರು 3 ಪರ್ಸೆಂಟ್ ಮೇಲಲ್ಲ, ಮುಖ್ಯ ಬೆಲ್ಟಿನ ಜೊತೆಗೆ ಇಂಟರಿಮ್, ರೆಗ್ಯುಲರ್, ಸಿಲ್ವರ್ ಅಂತ ಕೆಳಗಿನ ದರ್ಜೆ ಬೆಲ್ಟ್ ಹುಟ್ಟಿಸ್ತಾ ಹೋಗೋದ್ರ ಮೇಲೆ, ಯಾಕಂದ್ರೆ ಬೆಲ್ಟಿಗೊಂದು ಫೀ. ರ‍್ಯಾಂಕಿಂಗನ್ನ ಕಣ್ಣುಮುಚ್ಚಿ ನಂಬೋದೂ ಬೇಡ, 2001ರಲ್ಲಿ ಡಬ್ಲ್ಯುಬಿಒ ಪಟ್ಟೀಲಿ ಡ್ಯಾರಿನ್ ಮಾರಿಸ್ ಅನ್ನೋ ಬಾಕ್ಸರ್ ತೀರಿಹೋಗಿ ತಿಂಗಳುಗಳಾದ ಮೇಲೂ ಮೇಲಕ್ಕೆ ಹತ್ತಿದ್ದ!

ಹುಡುಗ್ರು ಇಂಥ ಟೈಟಲ್ ಆಫರ್ ತಂದ್ರೆ ನಾನು ಕೇಳೋದು, ಇದು ಗೆದ್ರೆ ರ‍್ಯಾಂಕಿಂಗಲ್ಲಿ ಎಲ್ಲಿಗೆ ಹೋಗ್ತೀಯ, ಮುಂದಿನ ಪರ್ಸ್ ಏರುತ್ತಾ? ಏರಲ್ಲ ಅಂದ್ರೆ ಬರೀ ಫೋಟೋಗೆ ದುಡ್ಡು. ಏರುತ್ತೆ ಅಂದ್ರೆ ಕಾಂಟ್ರ್ಯಾಕ್ಟಲ್ಲಿ ಒಂದು ಸಾಲು ಸೇರಿಸ್ತೀನಿ, ಫೀ ಪ್ರಮೋಟರ್ ಕಟ್ಟಬೇಕು ಅಂತ. ಸಣ್ಣ ಫೈಟಲ್ಲಿ ಸೈನ್‌ಗೆ ಮುಂಚೆ ಕೇಳಿದ್ರೆ ಎಷ್ಟೋ ಸಲ ಒಪ್ತಾರೆ, ಸೈನ್ ಆದ್ಮೇಲೆ ಫೋನೇ ಎತ್ತಲ್ಲ.