ಲ್ಯಾಂಕ್‌ಹಿಲ್ಸ್ ಸ್ಮಶಾನ: ಗೋರಿಯ ಒಡವೆ ನೋಡಿ ಸತ್ತವರ ಊರು ಹೇಳಬಹುದೇ?

ಇಂಗ್ಲೆಂಡಿನ ವಿಂಚೆಸ್ಟರ್ ರೋಮನ್ನರ ಕಾಲದಲ್ಲಿ ವೆಂಟಾ ಬೆಲ್ಗಾರಂ. ಊರಿನ ಉತ್ತರಕ್ಕೆ ಲ್ಯಾಂಕ್‌ಹಿಲ್ಸ್ ಸ್ಮಶಾನ. ಗೈಲ್ಸ್ ಕ್ಲಾರ್ಕ್ 1967ರಿಂದ 1972ರವರೆಗೆ ಇಲ್ಲಿ ಉತ್ಖನನ ನಡೆಸಿದರು. ವರದಿ ಬಂದದ್ದು 1979ರಲ್ಲಿ. ಗೋರಿಗಳು ಬಹುಪಾಲು 4ನೇ ಶತಮಾನದವು.

ಕ್ಲಾರ್ಕ್ ಗಮನಿಸಿದ್ದು ಒಡವೆ ಯಾವುದು ಅನ್ನೋದನ್ನಷ್ಟೇ ಅಲ್ಲ, ಅದು ಎಲ್ಲಿತ್ತು ಅನ್ನೋದನ್ನೂ. ಸ್ಥಳೀಯರ ಗೋರಿಯಲ್ಲಿ ಒಡವೆ ಇದ್ದರೂ ಸಾಮಾನ್ಯವಾಗಿ ಹೆಣದ ಪಕ್ಕಕ್ಕೆ ಇಟ್ಟಿರುತ್ತಿದ್ದರು. ಕೆಲವು ಗೋರಿಗಳಲ್ಲಿ ಮಾತ್ರ ಹೆಣಕ್ಕೆ ತೊಡಿಸಿಯೇ ಹೂಳಿದ್ದರು. ಗಂಡಸರ ಭುಜದಲ್ಲಿ ಅಡ್ಡಬಿಲ್ಲಿನ ಆಕಾರದ ಬ್ರೂಚ್, ಸೊಂಟದಲ್ಲಿ ಬೆಲ್ಟು. ಹೆಂಗಸರ ಕೊರಳಲ್ಲಿ ಮಣಿಸರ, ಕೈಯಲ್ಲಿ ಬಳೆ. ಇದೇ ಪದ್ಧತಿ ಪೂರ್ವದಲ್ಲಿ, ಡ್ಯಾನ್ಯೂಬ್ ದಡದ ಪನೋನಿಯಾದಲ್ಲಿ, ಅಂದರೆ ಈಗಿನ ಹಂಗೇರಿಯ ಕಡೆ, ಕಾಣುತ್ತದೆ. ಹಾಗಾಗಿ ಇವರು ಅಲ್ಲಿಂದ ಬಂದವರು ಎಂದು ಕ್ಲಾರ್ಕ್ ವಾದಿಸಿದರು.

ಇಲ್ಲಿ ಸ್ವಲ್ಪ ಹುಷಾರು. ಅಡ್ಡಬಿಲ್ಲು ಬ್ರೂಚನ್ನು ಸಾಮ್ರಾಜ್ಯದ ಎಲ್ಲೆಡೆ ಸೈನಿಕರು, ಅಧಿಕಾರಿಗಳು ಹಾಕಿಕೊಳ್ಳುತ್ತಿದ್ದರು. ಅದು ಹುದ್ದೆಯ ಗುರುತು, ಊರಿನ ಗುರುತಲ್ಲ. ನನ್ನ ಮಟ್ಟಿಗೆ ಬ್ರೂಚಿಗಿಂತ ತೊಡಿಸಿ ಹೂಳುವ ರೂಢಿಯೇ ಗಟ್ಟಿ ಸಾಕ್ಷಿ.

ಮುಂದೆ ಹಲ್ಲಿನ ಪರೀಕ್ಷೆ ಬಂತು. ಹಲ್ಲಿನ ಎನಾಮೆಲ್, ಅಂದರೆ ಮೇಲಿನ ಬಿಳಿ ಪದರ, ಬಾಲ್ಯದಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಅದರಲ್ಲಿನ ಸ್ಟ್ರಾನ್ಷಿಯಂ ಎಂಬ ಧಾತು ಆ ವ್ಯಕ್ತಿ ಬೆಳೆದ ನೆಲದ ಬಂಡೆಯ ಸುಳಿವು ಕೊಡುತ್ತದೆ, ಆಕ್ಸಿಜನ್ ಆಗ ಕುಡಿದ ನೀರಿನ ಸುಳಿವು ಕೊಡುತ್ತದೆ. ಒಂದೇ ಅಳತೆ ಎರಡು ದೂರದ ಊರುಗಳಿಗೂ ಹೊಂದಬಹುದು. ಅದಕ್ಕೇ ಈ ಪರೀಕ್ಷೆ 'ಇಲ್ಲಿಯವರಲ್ಲ' ಎಂದು ಹೇಳುವುದರಲ್ಲಿ ಜಾಸ್ತಿ ಗಟ್ಟಿ, 'ಇಂಥ ಊರಿನವರು' ಎನ್ನುವುದರಲ್ಲಿ ಅಷ್ಟಿಲ್ಲ.

2006ರಲ್ಲಿ 18 ಜನರ ಹಲ್ಲಿನ ಫಲಿತಾಂಶ ಪ್ರಕಟವಾಯಿತು. ಕ್ಲಾರ್ಕ್ ಹೊರಗಿನವರದು ಎಂದಿದ್ದ 'ಪರದೇಶಿ' ಗೋರಿಗಳಲ್ಲಿ ಕೆಲವರು ನಿಜವಾಗಿಯೂ ಹೊರಗಿನವರು, ಆದರೆ ಎಲ್ಲರೂ ಒಂದೇ ಕಡೆಯವರಲ್ಲ. ಇನ್ನು ಕೆಲವರು ಬ್ರಿಟನ್ನಿನಲ್ಲೇ ಬೆಳೆದವರು!

ಹಾಗಾದರೆ ಇಲ್ಲೇ ಬೆಳೆದವರಿಗೆ ಡ್ಯಾನ್ಯೂಬ್ ಕಡೆಯ ಪದ್ಧತಿ ಯಾಕೆ? ವಲಸೆ ಬಂದವರ ಮಕ್ಕಳಿರಬಹುದು, ಮನೆಯ ರೂಢಿ ಬಿಟ್ಟಿರಲಿಕ್ಕಿಲ್ಲ. ಮದುವೆಯಾಗಿ ಆ ಮನೆ ಸೇರಿದ ಸ್ಥಳೀಯರೂ ಇರಬಹುದು. ಎಷ್ಟೆಂದರೂ ತನ್ನ ಗೋರಿಯನ್ನು ಯಾರೂ ತಾನೇ ಸಿದ್ಧಮಾಡಿಕೊಳ್ಳುವುದಿಲ್ಲ, ಅಲ್ವಾ? ಹೆಣಕ್ಕೆ ಬಳೆ ತೊಡಿಸಿದವರು ಬದುಕಿದ್ದವರು. ಅಂದರೆ ಗೋರಿ ಹೇಳುವುದು ಆ ಮನೆಯವರು ತಮ್ಮನ್ನು ಯಾರೆಂದುಕೊಂಡಿದ್ದರು ಎಂಬುದನ್ನು. ಸತ್ತವರು ಎಲ್ಲಿ ಬೆಳೆದರು ಎನ್ನುವುದಕ್ಕೆ ಹಲ್ಲನ್ನೇ ಕೇಳಬೇಕು. ಒಡವೆ ನೋಡಿ ಊರು ಹೇಳಬಹುದೇ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಇವೆರಡನ್ನೂ ಬೇರೆಬೇರೆಯಾಗಿಯೇ ಇಡಿ.